ರಕ್ತ ನಿಲ್ಲಿಸಿದ ಮಶೇರಿ

ನಮ್ಮತ್ತೆಯನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಯಾರೂ ಬೇಸರಪಡಬಾರದು. ಅವಳು ಬದುಕಿದ್ದಷ್ಟು ದಿನ ಎದುರಿಗೆ ತಲೆ ತಗ್ಗಿಸಿ ನಿಂತು "ಹೂಂರಿ", "ಆತ್ರಿ" ಎಂದು ಬೇಕಾದಷ್ಟು ಬಹುವಚನ ಕೊಟ್ಟಾಗಿದೆ. ಈಗ ಕಾಗದದ ಮೇಲೂ ಕೊಡು ಎಂದರೆ ನನ್ನಿಂದಾಗದು.

ನಾನು ತೇರಗಾಂವಕ್ಕೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ. ಆಗ ನನಗೆ ಹದಿನಾರು. ಬಂದ ಮೂರನೆಯ ಬೆಳಿಗ್ಗೆ ಅತ್ತೆ ನನ್ನ ಅಂಗೈಗೆ ಒಂದು ಚಿಟಿಕೆ ಕರಿಪುಡಿ ಹಾಕಿದಳು. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರಕಲಾಗುವ ತನಕ ಹುರಿದು, ಅರೆದು ಮಾಡಿದ ಮಶೇರಿ. ಆ ಊರಿನ ಹೆಂಗಸರಿಗೆ ಹಲ್ಲುಪುಡಿಯೆಂದರೆ ಅದೇ. ಮುಂಡಗೋಡದ ಕಡೆಯ ನನ್ನ ತವರಿನಲ್ಲಿ ಇದ್ದಿಲು, ಉಪ್ಪು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಇಲ್ಲಿ ಅತ್ತೆ, ಅಕ್ಕಪಕ್ಕದ ಹೆಂಗಸರೆಲ್ಲ ಹಿತ್ತಲಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು, ತೋರುಬೆರಳಿನಿಂದ ವಸಡು ತಿಕ್ಕುತ್ತ, ಉಗುಳುತ್ತ, ಊರಿನ ಸುದ್ದಿ ಮುಗಿಸುತ್ತಿದ್ದರು. ನಾನು ಮೊದಲ ದಿನವೇ ತಲೆ ತಿರುಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಅತ್ತೆ ನಕ್ಕಳು.

"ರೂಢಿ ಆಗ್ತೈತಿ. ಹಲ್ಲ ಗಟ್ಟಿ ಆಗ್ತಾವ, ಹಸಿವೂ ಗೊತ್ತಾಗಾಂಗಿಲ್ಲ" ಎಂದಳು.

ಮೊದಲನೆಯದು ಸುಳ್ಳು. ಎರಡನೆಯದು ನಿಜ, ಆದರೆ ಅದರ ಲಾಭವೆಲ್ಲ ಅವಳದೇ. ಎಲ್ಲರದೂ ಊಟವಾದ ಮೇಲೆ ತಳ ಕೆರೆದು ಉಣ್ಣುವ ಸೊಸೆಗೆ ಹಸಿವು ಗೊತ್ತಾಗದಿದ್ದರೆ ಒಳ್ಳೆಯದೇ ಅಲ್ಲವೇ.

ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಬಾಯಿ ನಾರತೊಡಗಿತು. ರೊಟ್ಟಿ ಕಡಿಯುವಾಗ ಕೆಳಗಿನ ಮುಂಬಲ್ಲೊಂದು ಅಲುಗಾಡಿದಂತಾಗುತ್ತಿತ್ತು. ವಸಡು ಒತ್ತಿದರೆ ಕೀವು ಬರುತ್ತಿತ್ತು. ಆದರೆ ರಕ್ತವೆಂಬುದು ಒಂದು ಹನಿಯೂ ಇಲ್ಲ; ನೋಡಿದವರು ವಸಡು ಗಟ್ಟಿಯಾಗಿದೆ ಎಂದೇ ಹೇಳುತ್ತಿದ್ದರು. ಬಸುರಿಯಾಗಿ ಕಾಲು ಬಾತಾಗ ಗಂಡ ಹಳಿಯಾಳದ ದವಾಖಾನೆಗೆ ಕರೆದೊಯ್ದ. ಅವನು ಹೊರಗೇ ನಿಂತ. ಒಳಗೆ ಡಾಕ್ಟರು ಕಾಲು ನೋಡಿದರು. ಮಾತಾಡಿದಾಗ ವಾಸನೆ ಬಡಿಯಿತೋ ಏನೋ, ತುಟಿ ಎತ್ತಿ ಬಾಯಿಯನ್ನೂ ನೋಡಿದರು.

"ಪಾಯೋರಿಯಾ, ವಸಡಿನ ರೋಗ. ಮಶೇರಿ ಬಿಡವಾ, ಉಪ್ಪುನೀರಿಲೆ ಬಾಯಿ ಮುಕ್ಕಳಸು" ಎಂದು ಹೇಳುತ್ತಲೇ ಮುಂದಿನವರ ಕಡೆ ತಿರುಗಿದರು. ಬಿಟ್ಟ ಮೇಲೆ ಏನಾಗುತ್ತದೆ ಎಂದು ಒಂದು ಮಾತು ಹೇಳಲಿಲ್ಲ. ಆ ಒಂದು ಮಾತಿಗಾಗಿ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅತ್ತೆಗೆ ಹೇಳದೆ ಬಿಟ್ಟೆ. ಬೆಳಿಗ್ಗೆ ಅಂಗೈಗೆ ಬಿದ್ದ ಪುಡಿಯನ್ನು ಒಲೆಯ ಬೂದಿಯಲ್ಲಿ ಬೆರೆಸಿ ಚೆಲ್ಲುತ್ತಿದ್ದೆ. ವಾರವೆಲ್ಲ ತಲೆ ಸಿಡಿಯಿತು, ಕೈ ನಡುಗಿತು, ಆಮೇಲೆ ಸರಿಹೋಯಿತು. ಆಗ ಶುರುವಾಯಿತು ನೋಡಿ ರಕ್ತ. ಉಪ್ಪು ಹಚ್ಚಿದರೆ ರಕ್ತ, ರೊಟ್ಟಿಯ ಅಂಚು ತಾಗಿದರೆ ರಕ್ತ. ಚರ್ಮದ ಹಾಗೆ ಬಿಗಿದುಕೊಂಡಿದ್ದ ವಸಡು ಕೆಂಪಾಗಿ ಊದಿತು. ಹೆರಿಗೆಯಾಗಿ ಮಗಳು ಹುಟ್ಟಿದಳು, ರಕ್ತ ನಿಲ್ಲಲಿಲ್ಲ. ಯಾರಿಗೂ ಕಾಣದಂತೆ ಉಗುಳಿ ಮೇಲೆ ನೀರು ಹಾಕುತ್ತಿದ್ದೆ.

ಮಗಳಿಗೆ ಐದು ತಿಂಗಳಿದ್ದಾಗ ಒಂದು ಬೆಳಿಗ್ಗೆ ನೀರು ಹಾಕುವ ಮೊದಲೇ ಅತ್ತೆ ಬಚ್ಚಲ ಕಲ್ಲಿನ ಮೇಲಿನ ಕೆಂಪನ್ನು ಕಂಡಳು. ನನ್ನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಒಲೆಯ ಹೊಗೆ ಕುಡಿದು ಕೆಮ್ಮಿದೆ.

"ಕೆಮ್ಮ ಐತಿ, ರಕ್ತ ಐತಿ. ಇನ್ನೇನ ಬೇಕ? ಕ್ಷಯ ತಂದಾಳ ಮನಿಗೆ!"

ಆ ರೋಗ ನಮ್ಮ ಓಣಿಯಲ್ಲಿ ಒಂದು ಮನೆಯ ಬಾಗಿಲನ್ನೇ ಮುಚ್ಚಿಸಿತ್ತು, ಹೆದರಿಕೆ ಸುಳ್ಳಲ್ಲ. ಆದರೆ ಹೆದರಿದವಳು ಒಂದು ಮಾತು ಕೇಳಬಹುದಿತ್ತು. ಅವಳು ಕೇಳಲಿಲ್ಲ. ಸೀದಾ ಬಂದು ಮೊಲೆ ಕುಡಿಯುತ್ತಿದ್ದ ಕೂಸನ್ನು ಕಿತ್ತುಕೊಂಡಳು. ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ನನ್ನ ಚಾಪೆ ಹೋಯಿತು, ತಾಟು ಬೇರೆಯಾಯಿತು. ಒಳಗೆ ಕೂಸಿಗೆ ಒಳಲೆಯಲ್ಲಿ ಎಮ್ಮೆಯ ಹಾಲು ಕುಡಿಸುತ್ತಿದ್ದರು, ಅದು ಅಳುತ್ತಿತ್ತು. ಹೊರಗೆ ನನ್ನ ಎದೆ ಕಲ್ಲಾಗಿತ್ತು. ನಾನು ಗೋಡೆಯ ಕಡೆ ತಿರುಗಿ ಹಾಲನ್ನು ನೆಲಕ್ಕೆ ಹಿಂಡುತ್ತಿದ್ದೆ.

ಗಂಡನಿಗೆ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಬಂದವನಿಗೆ ಬಾಗಿಲಲ್ಲೇ ನಿಂತು ಹೇಳಿದೆ: "ಇದು ಹಲ್ಲಿನ ರಕ್ತ ಐತ್ರಿ, ಎದೀದಲ್ಲ. ಹಳಿಯಾಳಕ್ಕ ಹೋಗಿ ಡಾಕ್ಟರನ್ನ ಕೇಳ್ಕೊಂಡ ಬರ್ರಿ."

ಹೋದ. ಡಾಕ್ಟರು ಜೊಯಿಡಾ ಕಡೆ ಹಳ್ಳಿಗಳ ಫಿರತಿಗೆ ಹೋಗಿದ್ದಾರೆ ಎಂದು ಹಾಗೇ ತಿರುಗಿ ಬಂದ. ಇನ್ನೊಮ್ಮೆ ಹೋಗಲು ಅವನಿಗೆ ಕಾಲೇಳಲಿಲ್ಲ.

"ಅವ್ವ ಹೇಳಿದ್ಹಂಗ ಮಾಡೂಣು. ನಿನ್ನ ತವರಿಗೆ ಬಿಟ್ಟ ಬರ್ತೇನಿ. ಆರಾಮಾದ ಮ್ಯಾಲ ನೋಡೂಣು."

"ಕೂಸು?"

"ಕೂಸು ಇಲ್ಲೇ ಇರಲಿ." ಹೀಗೆ ಹೇಳುವಾಗ ಅವನು ತನ್ನ ಚಪ್ಪಲಿಯನ್ನು ನೋಡುತ್ತಿದ್ದ.

ಆಗ ನನ್ನ ಬಾಯಿಂದ ಗುಟ್ಟು ಹೊರಬಿತ್ತು. ವಿಚಾರ ಮಾಡಿ ಹೇಳಿದ್ದಲ್ಲ, ಸಿಟ್ಟಿಗೆ ಕಿರುಚಿದ್ದು. "ಮಶೇರಿ ಬಿಟ್ಟ ಮ್ಯಾಲ ಬಂದ ರಕ್ತರೀ ಇದು! ಹಚ್ಚಾಕತ್ತಿದ್ದಾಗ ಯಾಕ ಬರಲಿಲ್ಲ?"

ಒಳಗಿನಿಂದ ಅತ್ತೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ತನ್ನ ಕೈಯಾರೆ ಕೊಟ್ಟ ಮಶೇರಿಯನ್ನು ನಾನು ಇಷ್ಟು ತಿಂಗಳು ಬೂದಿಗೆ ಚೆಲ್ಲಿದ್ದೆನೆಂಬುದು ಅವಳಿಗೆ ಕ್ಷಯಕ್ಕಿಂತ ದೊಡ್ಡ ಸುದ್ದಿಯಾಗಿತ್ತು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ತೀರ್ಪು ಕೊಟ್ಟಳು.

"ಹಂಗಾರ ಮತ್ತ ಹಚ್ಚು. ರಕ್ತ ನಿಂತ್ರ ಹಲ್ಲಿಂದು, ನಿಲ್ಲಲಿಲ್ಲಂದ್ರ ಎದೀದು. ಹತ್ತ ದಿನ ನೋಡೂಣು."

ಆ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ಸಾಕಾಗಿದೆ. ಇಲ್ಲ. ದಡ್ಡಿಯ ಕೈಗೆ ಸಿಕ್ಕಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ದಿನಕ್ಕೆ ಮೂರು ಸಲ ಮಶೇರಿ ತಿಕ್ಕಿದೆ, ಹುಣ್ಣಾಗುವ ಹಾಗೆ ತಿಕ್ಕಿದೆ. ಪ್ರತಿ ಬೆಳಿಗ್ಗೆ ಅತ್ತೆಯ ಎದುರು ಹಳೆಯ ಧೋತರದ ಬಿಳಿ ತುಂಡಿನ ಮೇಲೆ ಉಗುಳಬೇಕಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ನೋಡುವವಳಂತೆ ನೋಡುತ್ತಿದ್ದಳು. ಮೊದಲು ಕೆಂಪು. ನಾಲ್ಕನೆಯ ದಿನ ತೆಳುಗೆಂಪು. ಆಮೇಲಾಮೇಲೆ ತಂಬಾಕಿನ ಕರಿ ಬಿಟ್ಟರೆ ಏನೂ ಇಲ್ಲ.

ಇದು ಯಾಕೆ ಹೀಗಾಯಿತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಬೋಡುಬಾಯಿಗೆ ಹಲ್ಲಿನ ಸೆಟ್ಟು ಮಾಡಿಸಲು ಹೋದಾಗ. ಹಲ್ಲಿನ ಡಾಕ್ಟರು ಮೊಮ್ಮಗಳ ವಯಸ್ಸಿನ ಹುಡುಗಿ. ಅಳತೆ ತೆಗೆಯುತ್ತ ಹೇಳಿದಳು: ಹಲ್ಲಿನ ಬುಡದ ಗಲೀಜಿನಲ್ಲಿ ರೋಗಾಣುಗಳು ಬೆಳೆದಾಗ ವಸಡಿನ ಜೀವಕೋಶಗಳು ಅವುಗಳನ್ನು ಗುರುತಿಸಿ ಕೂಗು ಹಾಕುತ್ತವಂತೆ. ರಕ್ತನಾಳಗಳು ಅಗಲವಾಗಿ, ರಕ್ತದೊಳಗಿನ ಬಿಳಿಯ ಕಣಗಳು ಕಾದಾಡಲು ಓಡಿಬರುತ್ತವಂತೆ. ಕೆಂಪು, ಊತ, ರಕ್ತ ಎಲ್ಲ ಆ ಕಾದಾಟದ್ದೇ. ಅದು ಮುಗಿಯದೆ ಎಳೆದರೆ, ರೋಗಾಣುವಿನ ಮೇಲೆ ಬಿಟ್ಟ ವಿಷ ನಮ್ಮದೇ ವಸಡನ್ನು, ಹಲ್ಲು ಹಿಡಿದ ಎಲುಬನ್ನು ಕರಗಿಸುತ್ತದಂತೆ. ನನಗೆ ಕೂಡಲೇ ತಿಳಿಯಿತು. ಗದ್ದೆಗೆ ಹಂದಿ ನುಗ್ಗಿದರೆ ಓಡಿಸಲು ಹೋದವರು ತುಳಿದದ್ದೇ ಹೆಚ್ಚಿರುತ್ತದೆ.

"ಮತ್ತ ಮಶೇರಿ ಹಚ್ಚಿದ್ರ ರಕ್ತ ಯಾಕ ನಿಂತಿತ್ತವಾ?" ಎಂದು ಕೇಳಿದೆ.

"ತಂಬಾಕು ರಕ್ತನಾಳ ಬಿಗೀತೈತ್ರಿ ಅಜ್ಜಿ. ರಕ್ತ ಕಾಣಾಂಗಿಲ್ಲ, ರೋಗ ಒಳಗ ನಡದ ಇರ್ತೈತಿ. ಬಿಟ್ಟಾಗ ರಕ್ತ ಬಂತಲ್ಲ, ವಸಡಿಗೆ ಮತ್ತ ಜೀವ ಬಂದಿತ್ತು. ಸ್ವಚ್ಛ ಇಟ್ಕೊಂಡು ಇನ್ನಷ್ಟ ದಿನ ತಡದಿದ್ರ ಹಲ್ಲು ಉಳೀತಿದ್ದುವೇನೋ."

ತಡೆಯಲು ನನಗೆಲ್ಲಿ ದಿನವಿತ್ತು? ಕೂಸು ಅವರ ಕೈಯಲ್ಲಿತ್ತು. ಇದೆಲ್ಲ ಆಗಲೇ ಗೊತ್ತಿದ್ದರೂ ನಾನು ಮಶೇರಿಯನ್ನೇ ತಿಕ್ಕುತ್ತಿದ್ದೆ. ಮೂವತ್ತೈದು ತುಂಬುವಷ್ಟರಲ್ಲಿ ಬಾಯಲ್ಲಿ ಹಲ್ಲೇ ಉಳಿಯಲಿಲ್ಲ. ಹೋಗಲಿ, ಅದಕ್ಕಾಗಿ ನಾನು ಅತ್ತಿಲ್ಲ.

ನಾನು ಅತ್ತದ್ದು ಹತ್ತನೆಯ ದಿನ. ಅತ್ತೆ ಬಟ್ಟೆ ನೋಡಿ ಕೆಳಗೆ ಹಾಕಿದಳು.

"ಹಲ್ಲಿಂದ ಐತಿ. ತಗೋ ನಿನ್ನ ಕೂಸು. ಇನ್ನ ಮ್ಯಾಲ ಮಶೇರಿ ಬಿಟ್ಟಿ ಅಂದ್ರ ಕೂಸಿನ ಆಸೆನೂ ಬಿಡು."

ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ನಾನೂ ಕಾಯಲಿಲ್ಲ. ಕೂಸನ್ನು ಎಳೆದುಕೊಂಡೆ. ಅದು ನನ್ನ ಮುಖ ನೋಡಿ ಬಿಕ್ಕಿ ಬಿಕ್ಕಿ ಅತ್ತಿತು. ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸಿತು. ಅಷ್ಟು ದಿನಕ್ಕೇ ತಾಯಿಯನ್ನು ಮರೆತಿತ್ತು. ನನಗೆ ದಿಕ್ಕು ತೋಚದೆ ಅದರ ಕೆನ್ನೆಗೆ ಬಾಯಿ ಹಚ್ಚಿ "ಅಳಬ್ಯಾಡ, ನಿಮ್ಮವ್ವ ಅದೀನಿ" ಎಂದೆ. ತಟ್ಟನೆ ಅಳು ನಿಂತಿತು. ಮೂಗನ್ನು ನನ್ನ ತುಟಿಯ ಹತ್ತಿರ ತಂದು ಮೂಸಿತು, ಇನ್ನೊಮ್ಮೆ ಮೂಸಿತು, ಆಮೇಲೆ ನಿಶ್ಚಿಂತೆಯಾಗಿ ಎದೆಗೆ ಒರಗಿತು. ಅದು ಹುಟ್ಟುವ ಮೊದಲೇ ನಾನು ಮಶೇರಿ ಬಿಟ್ಟಿದ್ದೆ. ಆ ವಾಸನೆ ಅದಕ್ಕೆ ನನ್ನದಲ್ಲ, ಅತ್ತೆಯದು. ನನ್ನ ಮಗಳು ತಾಯಿಯ ಹತ್ತಿರ ಬಂದಿರಲಿಲ್ಲ, ಅಜ್ಜಿಯ ಹತ್ತಿರ ಬಂದಿದ್ದಳು.