ಪಾದ್ರಿಯ ಮೇಲಿನ ಸಿಟ್ಟು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಬಡ ಹುಡುಗಿಯೊಬ್ಬಳು ಮೂರನೆಯ ಅಧ್ಯಾಯದಲ್ಲಿ ಒಮ್ಮೆ ಕೆಮ್ಮಿದಳೆಂದರೆ ಮುಗಿಯಿತು, ಓದುಗ ಮಹಾಶಯರೇ, ಅವಳ ಅಂತ್ಯಕ್ರಿಯೆಗೆ ನೀವು ಸಿದ್ಧರಾಗಬಹುದು. ಅವಳನ್ನು ಮೆಚ್ಚಿದ ಸಿರಿವಂತನ ಮಗ ಕಾಗದದ ಮೇಲೆ ಕಾಗದ ಬರೆಯುತ್ತಾನೆಯೇ ಹೊರತು, ಎದ್ದು ಹೋಗಿ ಕೈ ಹಿಡಿಯುವುದು ಮಾತ್ರ ಅವನಿಗೆ ತೋಚುವುದಿಲ್ಲ. ತೊಂಬತ್ತರ ದಶಕದಲ್ಲಿ, ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ, ಇಂಥದೊಂದು ಐನೂರು ಪುಟದ ಗೋಳನ್ನು ಬಿ.ಎ. ಮಕ್ಕಳಿಗೆ ಪಾಠ ಹೇಳುವ ಪ್ರಾರಬ್ಧ ನನ್ನದಾಗಿತ್ತು.

ಪಾಂಡವಪುರದಿಂದ ದಿನವೂ ಬಸ್ಸು. ಚಿನಕುರಳಿ ದಾಟುವಷ್ಟರಲ್ಲಿ ಸೀಟು ಸಿಗುತ್ತಿತ್ತು, ಪುಸ್ತಕ ತೆರೆದರೆ ಸಿಟ್ಟೂ ಬರುತ್ತಿತ್ತು. ಅದು ಮುಖ್ಯವಾಗಿ ಕಥೆಯೊಳಗಿನ ಪಾದ್ರಿಯ ಮೇಲೆ. ಪ್ರೇಮಿಗಳ ನಿಜವೆಲ್ಲ ಬಲ್ಲ ಆ ಮಹಾನುಭಾವ ಒಂದೇ ಒಂದು ಮಾತಾಡಿದ್ದರೆ ಹುಡುಗಿ ಬದುಕುತ್ತಿದ್ದಳು. ಜಮೀನುದಾರನ ಮನೆಯ ಊಟ ತಪ್ಪೀತೆಂದು ತುಟಿ ಹೊಲಿದುಕೊಂಡು ಕೂತ. ಪುಟದ ಅಂಚಿನಲ್ಲಿ ‘ಹೇಡಿ!’ ಎಂದು ಪೆನ್ಸಿಲಿನಿಂದ ಗೀಚಿ, ಮನೆಗೆ ಬಂದ ಮೇಲೂ ಗೊಣಗುತ್ತಿದ್ದೆ.

“ಅಲ್ಲ ಕಣ್ರೀ, ಆವಯ್ಯ ಸತ್ತು ನೂರ್ ವರ್ಸ ಆಗದೆ. ಇವಾಗ ಬೈದ್ರೆ ಏನ್ ಬಂತು?” ಎಂದಳು ಹೆಂಡತಿ ಸಾವಿತ್ರಿ, ಹುರುಳಿಕಟ್ಟು ಬಸಿಯುತ್ತಾ. ಸಾಹಿತ್ಯದ ಗಂಧವಿಲ್ಲದವಳೆಂದು ನಾನು ಕನಿಕರಪಟ್ಟೆ.

ತರಗತಿಯಲ್ಲಂತೂ ಆ ಪಾದ್ರಿಯ ಚರ್ಮ ಸುಲಿದೆ. ಮುಂದಿನ ಬೆಂಚಿನಲ್ಲಿದ್ದ ಶೀಳನೆರೆ ಕಡೆಯ ರತ್ನ ಕಣ್ಣೊರೆಸಿಕೊಂಡಳು. ನನ್ನ ಬೋಧನೆಯ ಪ್ರತಾಪವೆಂದು ಉಬ್ಬಿಹೋದೆ.

ಎರಡು ತಿಂಗಳಾದ ಮೇಲೆ ಅವಳು ಒಬ್ಬಳೇ ಬಂದಳು. ಅವಳ ಊರಿನ ಹಾಲಿನ ಡೇರಿಯಲ್ಲಿ ಹಾಲಳೆಯುವ ಮಾದೇವನ ವಿಷಯ. ಅವನು ಊರಾಚೆಯ ದಲಿತ ಕೇರಿಯ ಹುಡುಗ. ಬೆಳಗೆದ್ದು ಹಾಲನ್ನೆಲ್ಲ ಅವನ ಕೈಗೊಪ್ಪಿಸುವ ಜನವೇ, ಅವನು ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಾರೆ. ಇದೆಂಥ ಶುದ್ಧಿಯೋ ನಾನು ಕಾಣೆ.

“ಸಾರ್, ನಮ್ಮಪ್ಪ ನಾಗಮಂಗಲದ ಕಡೆ ಗಂಡು ಗೊತ್ತು ಮಾಡ್ಬುಟ್ಟವ್ರೆ. ನಾವು ರಿಜಿಸ್ಟ್ರು ಮಾಡ್ಕತೀವಿ, ನೋಟೀಸೂ ಕೊಟ್ಟಾಗದೆ. ಸೋಮ್ವಾರ ಮೂರು ಜನ ಸಾಕ್ಷಿ ಬೇಕು. ನೀವೊಬ್ರು ಬರ್ತೀರಾ?”

ನಾನು ಕನ್ನಡಕ ಒರೆಸಿದೆ. ಅವಳಪ್ಪ ತಮ್ಮ ಆಲೆಮನೆಯಿಂದ ಕಳಿಸಿದ ಬೆಲ್ಲ ನಮ್ಮ ಡಬ್ಬದಲ್ಲಿತ್ತು. ಅವರ ನೆಂಟರಿಷ್ಟರು ನಿತ್ಯ ನನ್ನ ಬಸ್ಸಿನಲ್ಲಿರುತ್ತಿದ್ದರು. ಪರೀಕ್ಷೆ ಹತ್ತಿರ ಬಂತು, ದುಡುಕಬೇಡ, ಹಿರಿಯರ ಮನಸ್ಸು ನೋಯುತ್ತದೆ ಎಂದು ಏನೇನೋ ಉಪದೇಶಿಸಿದೆ. “ಆಯ್ತು ಸಾರ್” ಎಂದು ಹೊರಟುಹೋದಳು. ಪಾದ್ರಿಯ ಸುದ್ದಿಯನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ರೇಗಿಯಾದರೂ ತಪ್ಪಿಸಿಕೊಳ್ಳುತ್ತಿದ್ದೆ.

ಸಾವಿತ್ರಿಗೆ ಹೇಳಿದೆ, ಸಮಾಧಾನ ಸಿಕ್ಕೀತೆಂದು. “ಬೆಲ್ಲ ತಿಂದಿದ್ಕೆ ಬಾಯ್ ಕಟ್ಟೋಯ್ತಾ? ನೀವ್ ಬರ್ಬೇಡಿ ಬುಡಿ, ನಾನೋಯ್ತೀನಿ” ಎಂದಳು.

ಸೋಮವಾರ ಅವಳ ಜೊತೆಗಿರಲೆಂದಷ್ಟೇ ನಾನೂ ಹೋದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾವಿತ್ರಿ ಸಹಿ ಹಾಕಿದಳು, ಮಾದೇವನ ಗೆಳೆಯ ಹಾಕಿದ. ಬರುತ್ತೇನೆಂದಿದ್ದ ಮೂರನೆಯವನ ಪತ್ತೆಯಿಲ್ಲ. “ಊಟದ ಹೊತ್ತಾಯ್ತು. ಸಾಕ್ಷಿ ಇಲ್ದಿದ್ರೆ ನಾಳಿಕ್ ಬನ್ನಿ” ಎಂದರು ಅಧಿಕಾರಿ. ನಾಳೆಯೊಳಗೆ ಊರಿಗೆ ತಿಳಿದು ರತ್ನಳನ್ನು ಎಳೆದೊಯ್ಯುತ್ತಾರೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಸಾವಿತ್ರಿ ಪೆನ್ನು ಚಾಚಿ ನಿಂತಳು. ಅವರಿಬ್ಬರ ಸಹಿಯ ಕೆಳಗೆ ನನ್ನದನ್ನೂ ಗೀಚಿದೆ. ಥೂ, ಎಂಥ ನಾಚಿಕೆಗೇಡು, ಒಂದು ಸಹಿಗೆ ಇಷ್ಟು ರಾಮಾಯಣ!

ಹೊರಗೆ ಬಂದಮೇಲೆ ಇಬ್ಬರೂ ಸಾವಿತ್ರಿಯ ಕಾಲಿಗೆ ನಮಸ್ಕರಿಸಿ, ನನ್ನ ಕಾಲಿಗೂ ಬಾಗಿದರು. “ನೀವು ಪಾಠ ಮಾಡಿದ್ಕೇ ಸಾರ್ ನಮ್ಗೆ ಧೈರ್ಯ ಬಂದಿದ್ದು” ಎಂದಳು ರತ್ನ. ಈ ನಮಸ್ಕಾರ ನನಗೆ ಸಲ್ಲದಮ್ಮ ಎನ್ನಬೇಕಿತ್ತು. ಸಾವಿತ್ರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ಹೇಳುವ ಧೈರ್ಯವೂ ಸಾಲದೆ, ಗತ್ತಿನಿಂದ ಕೈಯೆತ್ತಿ ಆಶೀರ್ವಾದ ಮಾಡಿಬಿಟ್ಟೆ.