ರಾಣಿಯನ್ನು ಹೊತ್ತವನು

ಉತ್ಸವ ನೋಡಲು ಅಕ್ಕನ ಊರಿಗೆ ಬಂದ ಮೊದಲ ವರ್ಷವೇ ತಂಗಿ ಅವನ ಸುದ್ದಿ ಕೇಳಿದ್ದು. ಹಳೇ ಕೋಟೆ ಬೀದಿಯಲ್ಲಿ ಬಿದಿರು, ಕಾಗದದಲ್ಲಿ ಕಟ್ಟಿದ ರಾಣಿ ಮಹಡಿಯೆತ್ತರಕ್ಕೆ ತೂಗಾಡುತ್ತ ಬರುತ್ತಿದ್ದಳು.

"ಆ ಲಂಗದೊಳಗೆ ಒಬ್ಬ ಗಂಡಸಿದ್ದಾನೆ ಕಣೆ. ಬುಟ್ಟಿ ಹೆಣೆಯೋನು. ಊರೆಲ್ಲ ರಾಣಿಯಣ್ಣ ಅಂತ ಕರೆಯುತ್ತೆ," ಅಂದಳು ಅಕ್ಕ. ಲಂಗ ಹೊಲಿದವಳು ಅವಳೇ.

"ಮೀಸೆ ಇದೆಯಾ?"

"ಇದೆ. ನಿಮ್ಮ ಭಾವನದಕ್ಕಿಂತ ಜೋರಾಗಿದೆ."

ರಾಣಿ ಒಂದು ಮನೆ ಮುಂದೆ ನಿಂತು ಸೊಂಟ ಬಗ್ಗಿಸಿದಳು. ನೋಡಲು ಬಂದ ಪರಊರಿನವರು ಚಪ್ಪಾಳೆ ತಟ್ಟಿದರು. ಜಗಲಿ ಮೇಲಿದ್ದ ಹೆಂಗಸು ಮುಖ ತಿರುಗಿಸಿದಳು.

"ಅವನ ಮಗಳು," ಅಂದಳು ಅಕ್ಕ. ನಗು ನಿಂತಿತ್ತು.

ಒಮ್ಮೆ ಹೆಗಲೇರಿದ ರಾಣಿಯನ್ನು ಕೋಟೆ ಬಾಗಿಲು ಮುಟ್ಟುವತನಕ ಇಳಿಸಬಾರದು, ಇಳಿಸಿದರೆ ಊರಿಗೆ ಕೇಡು ಅಂತ ಅಲ್ಲಿಯವರ ನಂಬಿಕೆ. ಹಿಂದೊಂದು ವರ್ಷ ಮೆರವಣಿಗೆ ನಡುವೆ ಮಗಳು ಓಡಿಬಂದು, "ಅಪ್ಪಾ, ಅಮ್ಮನಿಗೆ ಉಸಿರು ಕಟ್ತಾ ಇದೆ, ನಿನ್ನನ್ನೇ ಕೇಳ್ತಿದ್ದಾಳೆ," ಅಂದಿದ್ದಳು. "ಬಾಗಿಲು ಮುಟ್ಟಿಸಿ ಬಂದೆ ಕಣಮ್ಮ," ಅಂದಿದ್ದ ಒಳಗಿನಿಂದ. ಮುಟ್ಟಿಸಿ ಬರುವಷ್ಟರಲ್ಲಿ ಹೆಂಡತಿ ಕಣ್ಣು ಮುಚ್ಚಿಯಾಗಿತ್ತು. ಮಗಳು ಅವತ್ತೇ ಮಾತು ಬಿಟ್ಟಳು.

ತಂಗಿ ಆಮೇಲೆ ಪ್ರತಿ ಉತ್ಸವಕ್ಕೂ ಬಂದಳು, ತನ್ನ ಗಂಡ ಹೋದ ಮೇಲೂ. ರಾಣಿಯನ್ನು ಕಟ್ಟುವ, ಅಂಟಿನ ವಾಸನೆಯ ಹಿಂಬದಿ ಕೋಣೆಯಲ್ಲಿ ಕೂತು ರಾಣಿಯಣ್ಣನ ಹೆಗಲಿಗೆ ಹಳೇ ಕಂಬಳಿಯ ಮಡಿಕೆ ಕಟ್ಟುವುದು ಅವಳ ಪಾಲಿನ ಕೆಲಸವಾಯಿತು. ಗಾಯ ಕಂಡು ಒಮ್ಮೆ, "ಸಾಕು ಬಿಡಣ್ಣ, ಬೇರೆ ಯಾರಾದರೂ ಹೊರಲಿ," ಅಂದಳು.

"ಮಗಳ ಬಾಗಿಲಿಗೆ ಹೋಗೋಕೆ ನನಗೆ ಬೇರೆ ನೆಪ ಎಲ್ಲಿದೆ ತಾಯಿ? ರಾಣಿಯನ್ನ ಯಾರೂ ಆಚೆ ಹೋಗು ಅನ್ನಲ್ಲ."

ಅವನು ಹೊತ್ತ ಕೊನೆಯ ವರ್ಷ, ಆ ಮನೆ ಮುಂದೆ ರಾಣಿಯನ್ನು ನೆಲಕ್ಕಿಳಿಸಿಯೇಬಿಟ್ಟ. ವಾದ್ಯ ನಿಂತಿತು. ಲಂಗ ಸರಿಸಿಕೊಂಡು ಬೆವರಲ್ಲಿ ತೊಯ್ದ ಮುದುಕ ಹೊರಬಂದು ಮಗಳಿಗೆ ಕೈಮುಗಿದ. ಜನ ಬಾಯಿಗೆ ಬಂದಂತೆ ಬೈದರು. ಮಗಳು ದನಿ ಏರಿಸಲಿಲ್ಲ.

"ಇಳಿಸೋಕೆ ಬರುತ್ತಲ್ಲಪ್ಪ. ಅವತ್ತು ಯಾಕೆ ಬರಲಿಲ್ಲ?"

ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಆಮೇಲೆ ಊರಿನವರು ಅವನ ಬುಟ್ಟಿಯನ್ನೂ ಮುಟ್ಟಲಿಲ್ಲ. ಮರುವರ್ಷ ತಂಗಿ ಬಂದಾಗ ಹಾಸಿಗೆ ಹಿಡಿದಿದ್ದ. ಹೊರಗೆ ಮೆರವಣಿಗೆ ಹೊರಡುತ್ತಿತ್ತು. ಅವಳು ಚಮಚದಲ್ಲಿ ಹಾಕಿದ ನೀರು ತುಟಿಯಂಚಿಂದ ಹರಿದುಹೋಯಿತು.

"ಈ ಸಲ ಯಾರು ಹೊತ್ತಿರೋದು?"

"ಕಮ್ಮಾರನ ಅಳಿಯ."

"ಅವನಿಗೆ ಹೇಳಿಬಿಡು ತಾಯಿ, ಆ ಮನೆ ಮುಂದೆ ನಿಲ್ಲೋದು ಬೇಡ ಅಂತ. ಅಲ್ಲಿ ನಿಲ್ಲಬೇಕು ಅನ್ನೋ ಪದ್ಧತಿ ಏನೂ ಇಲ್ಲ."