ಅಂಗೈಯಗಲದ ಒಲೆ

ನನಗಾಗಿ ಹರಕೆ ಹೊತ್ತುಕೊಳ್ಳಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಹಾಸನದ ಆಸ್ಪತ್ರೆಯೊಂದರಲ್ಲಿ ನನ್ನ ಹೊಟ್ಟೆಯ ಗೆಡ್ಡೆ ತೆಗೆಯುತ್ತಿದ್ದಾಗ, ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅತ್ತೆ ತಾವಾಗಿಯೇ ಹೊತ್ತುಕೊಂಡರು. ಸೊಸೆ ಉಳಿದರೆ ಅವಳನ್ನೂ ಕರೆದುಕೊಂಡು ಬಂದು ಬೆಟ್ಟದ ದೇವರ ಕಲ್ಲಿನ ಮುಂದೆ ಹಾಲು ಉಕ್ಕಿಸುತ್ತೇನೆ ಎಂದು. ನಾನು ಉಳಿದೆ. ಆಮೇಲೆ ಎರಡು ವರ್ಷ ದಿನ ಬೆಳಗಾದರೆ ಅದೇ ರಾಗ: ಬೆಟ್ಟ ಯಾವಾಗ, ಹಾಲು ಯಾವಾಗ.

ಹರಕೆಯ ಹಾಲಿಗೆ ನಮ್ಮ ಕಡೆ ಕಟ್ಟುಪಾಡುಂಟು. ಬೆಟ್ಟದ ಮೇಲೆಯೇ ಕಾಯಬೇಕು, ಉಕ್ಕಿ ಪಾತ್ರೆಯಿಂದ ಹೊರಗೆ ಚೆಲ್ಲಬೇಕು. ಅಲ್ಲಿಯವರೆಗೆ ಹೋದವರು ಹನಿ ನೀರೂ ಮುಟ್ಟುವಂತಿಲ್ಲ. ಉಕ್ಕಿದ ಮೇಲೆ ಹಿರಿಯರು ಮೊದಲು ಕುಡಿದು ನಂತರ ಕಿರಿಯರಿಗೆ ಕೊಡುತ್ತಾರೆ. ಹಿಂದೆ ಸೌದೆಯನ್ನು ತಲೆಯ ಮೇಲೆ ಹೊತ್ತು ಹತ್ತುತ್ತಿದ್ದರು. ಒಂದು ಬೇಸಿಗೆಯಲ್ಲಿ ಯಾರದೋ ಒಲೆಯ ಕಿಡಿ ಹಾರಿ ಬೆಟ್ಟದ ಹುಲ್ಲೆಲ್ಲ ಸುಟ್ಟುಹೋದ ಮೇಲೆ, ಸೌದೆ ಹಚ್ಚಬಾರದೆಂದು ಸುತ್ತಿನ ಊರಿನವರೇ ಕೂತು ತೀರ್ಮಾನಿಸಿದರು. ಹಾಗಾಗಿ ಒಲೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ನನ್ನದು ಆಲೂರಿನಲ್ಲಿ ಹೊಲಿಗೆ ಅಂಗಡಿ. ಅಳತೆ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇರೆ. ಮೊಬೈಲಿನಲ್ಲಿ ನೋಡಿ ಎಲ್ಲಕ್ಕಿಂತ ಚಿಕ್ಕದನ್ನು ತರಿಸಿದೆ. ಪುಟ್ಟ ಗ್ಯಾಸ್ ಡಬ್ಬಿ, ಅದರ ತಲೆಗೆ ತಿರುಗಿಸಿ ಕೂರಿಸುವ ಅಂಗೈಯಗಲದ ಬರ್ನರ್. ಜಾಹೀರಾತಿನಲ್ಲಿ ಹಿಂದೆ ಹಿಮದ ಬೆಟ್ಟಗಳಿದ್ದವು. ಹಿಮದಲ್ಲೇ ಉರಿಯುವುದು ನಮ್ಮ ಬೆಟ್ಟದಲ್ಲಿ ಉರಿಯದೇ ಇರುತ್ತದೆಯೇ ಎಂದುಕೊಂಡೆ. ಅಂಗಡಿಗೆ ಬಂದವರಿಗೆಲ್ಲ ಅದರ ಮೇಲೆ ಟೀ ಮಾಡಿಕೊಟ್ಟು ಬೀಗಿ, ಇದ್ದ ಒಂದೇ ಡಬ್ಬಿಯನ್ನು ಅರ್ಧ ಖಾಲಿ ಮಾಡಿದ್ದೆ.

ಭತ್ತದ ಕುಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಗಂಡ ನಮ್ಮಿಬ್ಬರನ್ನು ಸಕಲೇಶಪುರದ ಆಚೆ ಬೆಟ್ಟದ ಬುಡದಲ್ಲಿ ಜೀಪಿನಿಂದ ಇಳಿಸಿ, ಮಧ್ಯಾಹ್ನ ಬರುತ್ತೇನೆಂದು ಹೇಳಿ ಹೋದರು. ಎಪ್ಪತ್ತು ದಾಟಿದ ಅತ್ತೆ ನನಗಿಂತ ಮುಂದೆ ಹತ್ತಿದರು. ತುದಿ ಮುಟ್ಟುವ ಹೊತ್ತಿಗೆ ಮೋಡ ಬಂದು ಮುಚ್ಚಿಕೊಂಡಿತು. ಬಂದ ದಾರಿ ಬೆಟ್ಟದ ಏಣಿನ ಮೇಲೆ, ಎರಡೂ ಕಡೆ ಪ್ರಪಾತ. ಗಾಳಿಯಂತೂ ನಿಂತವರನ್ನು ನೂಕುತ್ತಿತ್ತು. ದೇವರ ಕಲ್ಲಿನ ಸುತ್ತ ಮೂರು ಕಡೆ ಸೊಂಟದೆತ್ತರದ ಕಲ್ಲುಗೋಡೆ, ಮೇಲೆ ಸೂರಿಲ್ಲ. ಅದರೊಳಗೆ ಕೂತೆವು. ಮೋಡ ಹರಿಯುವವರೆಗೆ ಇಳಿಯುವ ಮಾತೇ ಇರಲಿಲ್ಲ. ಫೋನಿಗೆ ಸಿಗ್ನಲ್ ಕೂಡ ಇಲ್ಲ.

ಒಲೆಯ ಗುಂಡಿ ಒತ್ತಿದರೆ ಕಿಡಿ ಬರಲಿಲ್ಲ, ಮಂಜಿಗೆ ಒದ್ದೆಯಾಗಿತ್ತು. ಪುಣ್ಯಕ್ಕೆ ಅತ್ತೆಯ ಸೊಂಟದಲ್ಲಿ ಬೆಂಕಿಪೊಟ್ಟಣವಿತ್ತು. ಹತ್ತನೆಯ ಕಡ್ಡಿಗೆ ಹತ್ತಿತು. ಹತ್ತಿದ ಉರಿ ಪಾತ್ರೆಯ ತಳ ಬಿಟ್ಟು ಪಕ್ಕಕ್ಕೆ ಮಲಗಿ ಗೋಡೆಯ ಕಲ್ಲನ್ನು ಕಾಯಿಸತೊಡಗಿತು. ಬರ್ನರಿಗೂ ಪಾತ್ರೆಗೂ ಎರಡು ಬೆರಳು ಸಂದು. ಗಾಳಿಗೆ ಅಷ್ಟು ಸಾಕಾಗಿತ್ತು. ಅರ್ಧ ಗಂಟೆಯಾದರೂ ಹಾಲಿಗೆ ಬೆರಳಿಟ್ಟರೆ ಉಗುರು ಬೆಚ್ಚಗೂ ಇಲ್ಲ. ಡಬ್ಬಿ ಮುಟ್ಟಿದರೆ ಕೊರೆಯುವ ತಣ್ಣಗೆ, ಉರಿಯೂ ಇಳಿಯುತ್ತಾ ಬಂತು.

"ಮಲಗ್ಸೇ ಅದನ್ನ. ತಳದಾಗಿರೋದು ಮ್ಯಾಕ್ ಬರ್ತದೆ" ಎಂದರು ಅತ್ತೆ.

ಮನೆಯಲ್ಲಿ ಸಿಲಿಂಡರ್ ಮುಗಿಯುತ್ತಾ ಬಂದಾಗ ಅದನ್ನು ಮಲಗಿಸಿ ಇನ್ನೆರಡು ದಿನ ಅಡುಗೆ ಮಾಡುವುದು ನಾವಿಬ್ಬರೂ ಜಗಳವಿಲ್ಲದೆ ಒಪ್ಪುವ ಒಂದೇ ವಿದ್ಯೆ. ಅದೂ ತಪ್ಪೇ ಎಂದು ಆಮೇಲೆ ತಿಳಿಯಿತು. ಪಾತ್ರೆ ಇಳಿಸಿ, ಉರಿಯುತ್ತಿದ್ದ ಒಲೆಯನ್ನು ಹಾಗೇ ಓರೆ ಮಾಡಿದೆ. ಒಳಗಿನ ದ್ರವವೇ ನೇರ ಬರ್ನರಿಗೆ ನುಗ್ಗಿ ಮೊಳದುದ್ದದ ಹಳದಿ ಉರಿ ಭಗ್ಗೆಂದು ಎದ್ದಿತು. ನನ್ನ ಒಂದು ಹುಬ್ಬು ಸೀದುಹೋಯಿತು. ಕಿರುಚಿಕೊಂಡೇ ನೆಟ್ಟಗೆ ನಿಲ್ಲಿಸಿದೆ.

"ನಿನ್ ಒಲೆ ಸರಿ ಇಲ್ಲ."

"ನಿಮ್ ಬುದ್ಧಿ ಸರಿ ಇಲ್ಲ" ಎಂದುಬಿಟ್ಟೆ. ದೇವರ ಮುಂದೆ ಹಾಗೆ ಅನ್ನಬಾರದಿತ್ತು.

ಆಮೇಲಿನ ತಪ್ಪು ಪೂರ್ತಿ ನನ್ನದೇ. ಕಣದಲ್ಲಿ ಒಲೆ ಹೂಡಿದಾಗ ಸುತ್ತ ತಗಡು ನಿಲ್ಲಿಸುವಂತೆ ಇಲ್ಲಿಗೂ ಎಣ್ಣೆ ಡಬ್ಬದ ತಗಡೊಂದನ್ನು ಕತ್ತರಿಸಿ ತಂದಿದ್ದೆ. ಒಲೆ, ಡಬ್ಬಿ ಎಲ್ಲ ಸೇರಿಸಿ ಸುತ್ತಲೂ ಬಿಗಿಯಾಗಿ ಸುತ್ತಿದೆ. ಟೈಲರ್ ಕೆಲಸ, ಒಂದು ಸಂದೂ ಇರಲಿಲ್ಲ. ಉರಿ ಚೆನ್ನಾಗಿ ನಿಂತಿತು. ಗೆದ್ದೆ ಎಂದುಕೊಂಡು ಯಾಕೋ ತಗಡಿನೊಳಗೆ ಕೈ ಹಾಕಿ ಡಬ್ಬಿ ಮುಟ್ಟಿದರೆ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು. ಗಾಳಿಯನ್ನು ತಡೆಯಲು ಹೋಗಿ ಬಿಸಿಯನ್ನೆಲ್ಲ ಗ್ಯಾಸಿನ ಡಬ್ಬಿಗೇ ಉಣಿಸುತ್ತಿದ್ದೆ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ನಾವಿಬ್ಬರೂ ಅಲ್ಲೇ ಚೂರಾಗುತ್ತಿದ್ದೆವು. ತಗಡು ಕಿತ್ತೆಸೆದು ಒಲೆ ಆರಿಸಿದೆ. ನನ್ನ ಕೈಕಾಲು ನಡುಗುತ್ತಿದ್ದವು.

ನಡುಕ ಹೆದರಿಕೆಯದಷ್ಟೇ ಅಲ್ಲ ಎಂದು ಆಗ ಗೊತ್ತಾಯಿತು. ಅತ್ತೆಯ ಸೀರೆಯೂ ಮಂಜಿಗೆ ತೊಯ್ದಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಮಾತು ತೊದಲುತ್ತಿತ್ತು. ಈ ಮುದುಕಿ ಇಲ್ಲೇ ಸೆಟೆದುಹೋದರೆ ಎಂದು ಭಯವಾಯಿತು.

"ಹಾಲು ಬೆಚ್ಚಗಾದ್ರೆ ಸಾಕು, ಕುಡೀರಿ ಅತ್ತೆ."

"ಉಕ್ಕದೆ ಮುಟ್ಟಾಕಿಲ್ಲ."

"ನಿಮಗೇನಾದ್ರೂ ಆದ್ರೆ?"

"ಹರಕೆ ತೀರ್ದೆ ನಿಂಗೇನಾದ್ರೂ ಆದ್ರೆ?"

ಮುಂದಕ್ಕೆ ಪ್ರಪಾತ, ಹಿಂದಕ್ಕೆ ಹರಕೆ, ನಡುವೆ ನಾನು. ನಾನು ಕೇಳದ ಪ್ರೀತಿಯೊಳಗೆ ಹೀಗೆ ಸಿಕ್ಕಿಬಿದ್ದೆನಲ್ಲ ಎಂದು ಅಳುವಷ್ಟು ಸಿಟ್ಟು ಬಂತು. ಆ ಗಳಿಗೆಯಲ್ಲಿ ದೇವರ ಮೇಲೂ ಸಿಟ್ಟೇ.

ಅತ್ತೆ ಒಣಹುಲ್ಲು ಚಿವುಟಿ ತಲೆಯ ಮಟ್ಟದಿಂದ ಬಿಟ್ಟರು. ರಾಗಿ ತೂರುವ ಮುಂಚೆ ಗಾಳಿ ನೋಡುವ ಕ್ರಮ ಅದು. ಹುಲ್ಲು ಗೋಡೆಯ ಕಡೆಗೆ ಹೋಗಿ ಸುತ್ತಿಕೊಂಡು ವಾಪಸು ಬಂತು.

"ಗ್ವಾಡೆಗೆ ಬಡ್ದು ಹಿಂದಕ್ ತಿರುಗ್ತಾ ಐತೆ ಕಣೇ. ಮೂಲೇಲಿ ಇಟ್ರೆ ಉರೀತದಾ? ಈ ಕಡೆ ಮಡುಗು" ಎಂದು ಗೋಡೆಯಿಲ್ಲದ ಕಡೆಗೆ ತೋರಿಸಿದರು. ನಾನು ಗೋಡೆಯ ಆಸರೆಯೆಂದು ನಂಬಿ ಕೂತಿದ್ದ ಜಾಗದಲ್ಲೇ ಗಾಳಿ ಸುಳಿಯುತ್ತಿತ್ತು. ಒಲೆ ಸರಿಸಿ, ಕಡ್ಡಿ ಗೀರಿ ಮತ್ತೆ ಹಚ್ಚಿ ಪಾತ್ರೆ ಇಟ್ಟೆ. ತಗಡನ್ನು ಈಗ ಒಂದೇ ಕಡೆ, ಡಬ್ಬಿಗೆ ತಾಗದಂತೆ ನಿಲ್ಲಿಸಿದೆ. ಅತ್ತೆ ಕೂರಲು ಹಾಸಿಕೊಂಡಿದ್ದ ಕಂಬಳಿಯನ್ನೆತ್ತಿ ಮೈಮೇಲೆ ಹರಡಿಕೊಂಡು, ಒಲೆಗೆ ಬೆನ್ನು ಮಾಡಿ, ಗಾಳಿಗೆ ಎದೆ ಕೊಟ್ಟು ಕೂತರು. ಬೇಡ ಎಂದರೆ ಕೇಳಬೇಕಲ್ಲ.

ಉರಿ ನೆಟ್ಟಗೆ ನಿಂತಿತು. ಹಾಲಿಗೆ ಕೆನೆ ಕಟ್ಟಿತು. ಅಂಚಿನಲ್ಲಿ ಗುಳ್ಳೆ ಎದ್ದವು. ಇನ್ನೇನು ಎನ್ನುವಾಗ ಉರಿ ಕುಗ್ಗಿ, ನೀಲಿ ಚುಕ್ಕೆಯಾಗಿ, ಆರಿತು. ಡಬ್ಬಿ ಅಲ್ಲಾಡಿಸಿದೆ, ಖಾಲಿ. ಅಂಗಡಿಯಲ್ಲಿ ಮಾಡಿದ ಒಂದೊಂದು ಟೀಯೂ ನೆನಪಾಯಿತು.

ಅತ್ತೆಯ ಬೆನ್ನು ನನ್ನ ಕಡೆಗಿತ್ತು. ಪಾತ್ರೆ ಬಗ್ಗಿಸಿ ಸ್ವಲ್ಪ ಹಾಲನ್ನು ಕಲ್ಲಿನ ಮೇಲೆ ಚೆಲ್ಲಿದೆ.

"ಉಕ್ತು ಅತ್ತೆ!"

ಅವರು ತಿರುಗಿದರು. ಪಾತ್ರೆ ನೋಡಿದರು, ಕಲ್ಲಿನ ಮೇಲಿನ ಹಾಲು ನೋಡಿದರು, ನನ್ನ ಮುಖ ನೋಡಿದರು. ಕೈಮುಗಿದು, ನಾನು ಹಾಲು ಬಗ್ಗಿಸಿಕೊಟ್ಟ ಲೋಟ ಇಸಿದುಕೊಂಡು ಅರ್ಧ ಕುಡಿದು ಉಳಿದದ್ದನ್ನು ನನಗೆ ಕೊಟ್ಟರು. ಮಧ್ಯಾಹ್ನ ಮೋಡ ಹರಿದ ಮೇಲೆ ಇಬ್ಬರೂ ಕೂತು ಕೂತು ಇಳಿದೆವು.

ಬೆಟ್ಟ ಇಳಿದರೂ ನಾನು ಬಿಡುಗಡೆಯಾಗಲಿಲ್ಲ. ಸುಳ್ಳು ಹರಕೆ ತೀರಿಸಿದವಳು ಎಂಬುದು ಮನಸ್ಸನ್ನು ಕೊರೆಯತೊಡಗಿತು. ಹೊಟ್ಟೆಯಲ್ಲಿ ಚೂರು ನೋವು ಬಂದರೂ ಚೆಲ್ಲಿದ ಆ ಹಾಲೇ ಕಣ್ಣ ಮುಂದೆ. ಹೇಳೋಣವೆಂದರೆ ಬಾಯಿ ಬಾರದು. ಗುಟ್ಟಾಗಿ ಇನ್ನೊಂದು ಒಲೆ ಹುಡುಕತೊಡಗಿದೆ. ಈ ಸಲ ಹಿಮದ ಚಿತ್ರಕ್ಕೆ ಮರುಳಾಗಲಿಲ್ಲ. ಬರ್ನರ್ ನೆಲಕ್ಕಂಟಿ ಕೂರಬೇಕು, ಡಬ್ಬಿ ಕೊಳವೆಯ ತುದಿಯಲ್ಲಿ ದೂರ ಇರಬೇಕು; ಆಗ ಉರಿಯ ಸುತ್ತ ತಗಡು ನಿಲ್ಲಿಸಿದರೂ ಅಪಾಯವಿಲ್ಲ. ಉರಿಗೂ ಪಾತ್ರೆಗೂ ಸಂದು ಕಡಿಮೆ ಇರಬೇಕು. ಚಳಿಗೆ ಜಗ್ಗದ ಗ್ಯಾಸು, ಜೊತೆಗೊಂದು ತುಂಬಿದ ಡಬ್ಬಿ. ಬೆಂಕಿಪೊಟ್ಟಣವಂತೂ ಬೇಕೇ ಬೇಕು.

ಒಲೆ ಬಂದ ಭಾನುವಾರ, ಅತ್ತೆ ಮಲಗಿದ್ದಾರೆಂದುಕೊಂಡು ಮನೆಯ ಹಿಂದಿನ ಕಣಕ್ಕೆ ಒಯ್ದು, ಟೇಬಲ್ ಫ್ಯಾನನ್ನು ಜೋರಾಗಿ ತಿರುಗಿಸಿ ಹಾಲಿಟ್ಟೆ. ಉರಿ ಅಲುಗಲಿಲ್ಲ. ನೋಡುತ್ತಿದ್ದಂತೆ ಹಾಲು ಏರಿ, ಉಕ್ಕಿ, ಸುತ್ತಲೂ ಸುರಿದು ಚುಂಯ್ ಎಂದಿತು. ಸೀದ ಹಾಲಿನ ವಾಸನೆ ಕಣಕ್ಕೆಲ್ಲ ಹರಡಿತು.

"ಉಕ್ಕಿದ್ ಹಾಲು ಹಿಂಗೆ ನಾರ್ತದೆ." ಹಿಂದೆ ಅತ್ತೆ ನಿಂತಿದ್ದರು. "ಆವತ್ತು ಬೆಟ್ಟದಾಗೆ ನಾರ್ಲಿಲ್ಲ."

"ಗೊತ್ತಿದ್ದೂ ಯಾಕೆ ಕುಡಿದ್ರಿ ಅತ್ತೆ?"

"ನಾ ಕುಡೀದೆ ನೀ ಕುಡೀತಿದ್ಯಾ? ತುಟಿ ನೀಲಿ ಆಗೋಗಿತ್ತು ನಿಂದು. ನಿನ್ನ ಉಳ್ಸು ಅಂತ ಕೇಳ್ಕಂಡು, ಅವ್ನ ಮುಂದೇನೇ ನಿನ್ನ ಕಳ್ಕಳ್ಲಾ?"

ಅತ್ತೆಯ ಎದುರು ಅಳಬಾರದೆಂದು ಮದುವೆಯಾದ ವರ್ಷವೇ ಹಠ ತೊಟ್ಟಿದ್ದೆ. ಅಷ್ಟು ವರ್ಷದ ಹಠ ಅವತ್ತು ಕಣದಲ್ಲಿ ಮುರಿದುಬಿತ್ತು. ಅವರು ನನ್ನ ತಲೆ ಸವರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅಳಾದು ಆಮ್ಯಾಕೆ. ಒಲೆ ಆರ್ಸು ಮೊದ್ಲು" ಎಂದರು. "ಬೆಟ್ಟಕ್ಕೆ ಗ್ಯಾಸ್ ಬ್ಯಾಡ್ವಾ?"